ಕೆರೆಯಂಗಳದ ಚುಕ್ಕೆ

"ಗುರುಗಳೇ, ನಮ್ಮ ತರಗತಿಗೆ ಡಿಜಿಟಲ್ ನಕ್ಷೆ ಬಂದಿದೆ. ನಲವತ್ತು ಮಕ್ಕಳ ಮನೆಗೂ ಅದರಲ್ಲಿ ಚುಕ್ಕೆ ಇಡಿಸಿದೆ. ಒಂದನ್ನೂ ಅದು ಬೇಡವೆನ್ನಲಿಲ್ಲ. ಇನ್ನು ನಾನು ಕಲಿಸುವುದೇನು ಉಳಿದಿದೆ?" ಎಂದು ಹೊಸದಾಗಿ ಶಾಲೆಗೆ ಶಿಕ್ಷಕಿಯಾಗಿ ಸೇರಿದ್ದ ಶಿಷ್ಯೆ ಕೇಳಿದಳು.

"ಕೇಳಮ್ಮ" ಎಂದರು ಗುರು.

ಒಂದು ಶಾಲೆಯಲ್ಲಿ ಒಬ್ಬ ಮೇಷ್ಟ್ರು ಇಂಥದೇ ನಕ್ಷೆಯನ್ನು ಗೋಡೆಯ ಮೇಲೆ ಬೆಳಗಿಸಿದರು. ಮಕ್ಕಳು ತಮ್ಮ ತಮ್ಮ ಮನೆಗೆ ಕೆಂಪು ಚುಕ್ಕೆ ಇಡಬೇಕು. ದೂರದ ಚುಕ್ಕೆಗಳಿಗೆ ಶಾಲೆಯ ವ್ಯಾನು ಹೋಗುತ್ತದೆ. ಎಲ್ಲರೂ ಸಾಲಾಗಿ ಬಂದು ಇಟ್ಟರು. ಒಬ್ಬ ಹುಡುಗಿ ಕೆರೆಯ ನಟ್ಟನಡುವೆ ಇಟ್ಟಳು.

'ಇಲ್ಲಿ ನೀರಿದೆ. ಮನೆ ಗುರುತಿಸಲಾಗದು' ಎಂದಿತು ನಕ್ಷೆ.

"ಏನೇ, ನೀನು ಮೀನೇನೇ?" ಎಂದ ಹಿಂದಿನ ಬೆಂಚಿನವನೊಬ್ಬ.

"ಮೊನ್ನೆ ನಮ್ಮ ಕಲ್ಲಂಗಡಿ ಕದ್ದು ತಿಂದೆಯಲ್ಲ, ಆಗ ಈಜಿಕೊಂಡು ಬಂದಿದ್ದೇನೋ?" ಎಂದಳು ಅವಳು.

ಕೆರೆಯ ನೀರು ಇಳಿದ ಮೇಲೆ ಅವಳ ಮನೆಯವರು ಒಣಗಿದ ಕೆರೆಯಂಗಳದಲ್ಲಿ ಗುಡಿಸಲು ಹಾಕಿ ಸೌತೆ, ಕಲ್ಲಂಗಡಿ ಬೆಳೆಯುತ್ತಿದ್ದರು. ನೀರು ತಿರುಗಿ ಬರುವತನಕ ಅಲ್ಲೇ ವಾಸ. ಕೆರೆಗೆ ನೀರು ಬರದೆ ಮೂರು ವರ್ಷವಾಗಿತ್ತು. ನಕ್ಷೆಗೆ ಅದು ಗೊತ್ತಿರಲಿಲ್ಲ.

"ಏರಿಯ ಮೇಲಿನ ಗುಡಿಗೆ ಸರಿಸಿಬಿಡಮ್ಮ. ನಕ್ಷೆ ಒಪ್ಪುತ್ತದೆ" ಎಂದರು ಮೇಷ್ಟ್ರು.

ಗುಡಿ ಶಾಲೆಯ ಪಕ್ಕದಲ್ಲೇ ಇತ್ತು. ಅಲ್ಲಿಗೆ ವ್ಯಾನು ಬಾರದು. ಅವಳು ಬೆಳಗಿನ ಕಾಯಿ ಕುಯ್ದು, ಗುಡಿಸಲಿನಿಂದ ಎರಡು ಮೈಲಿ ನಡೆದು ಶಾಲೆಗೆ ಬರುವಷ್ಟರಲ್ಲಿ ಅರ್ಧ ಪಾಠ ಮುಗಿದಿರುತ್ತಿತ್ತು. ಹೀಗೇ ಆದರೆ ಶಾಲೆ ಬಿಡಿಸುತ್ತೇನೆ ಎಂದು ಅಪ್ಪ ಆಗಲೇ ಹೇಳಿದ್ದ.

"ಸರಿಸಲ್ಲ ಸಾರ್. ಅಲ್ಲಿ ನಾನಿಲ್ಲ" ಎಂದಳು ಹುಡುಗಿ.

ಒಂದು ಚುಕ್ಕೆಗಾಗಿ ವ್ಯಾನಿನ ಇಡೀ ಪಟ್ಟಿ ನಿಂತಿತು. ಮೂರನೆಯ ದಿನ ಪಟ್ಟಿ ಕೇಳಿಕೊಂಡು ಅಧಿಕಾರಿಯೊಬ್ಬ ಬಂದ.

"ಇದು ಆಕಾಶದಿಂದ ನೋಡಿ ಮಾಡಿದ ನಕ್ಷೆ. ಅದಕ್ಕಿಂತ ನಿನಗೆ ಹೆಚ್ಚು ಕಾಣುತ್ತದೆಯೋ?" ಎಂದ.

ಹುಡುಗಿ ಗೋಡೆಯ ಬಳಿ ಹೋಗಿ ನಕ್ಷೆಯ ಕೆರೆಯ ನೀಲಿಯ ಮೇಲೆ ಅಂಗೈ ಇಟ್ಟಳು.

"ಕುಡಿಯೋ ನೀರಿಗೆ ನಮ್ಮವ್ವ ದಿನಾ ಏರಿ ಹತ್ತಿ ಇಳೀತಾಳೆ ಸಾರ್. ಇದರಿಂದ ಒಂದು ಕೊಡ ತುಂಬಿಸಿಕೊಡಿ. ಆಮೇಲೆ ಸರಿಸ್ತೀನಿ."

ಮೇಷ್ಟ್ರು ಮೇಜಿನಿಂದ ಒಂದು ಹಾಳೆ ತೆಗೆದರು. ಪಟ್ಟಿಯನ್ನು ಕೈಯಲ್ಲೇ ಬರೆದರು. ಅವಳ ಹೆಸರನ್ನು ಮೊದಲು ಬರೆದರು, ಎದುರಿಗೆ 'ಕೆರೆಯಂಗಳ' ಎಂದು ಬರೆದು ಅಧಿಕಾರಿಯ ಮುಂದಿಟ್ಟು ನಿಂತರು. ಸಹಿ ಬೀಳುವತನಕ ಕದಲಲಿಲ್ಲ.

ನಕ್ಷೆಯಲ್ಲಿ ಕೆರೆ ನೀಲಿಯಾಗಿಯೇ ಉಳಿಯಿತು. ಸೋಮವಾರ ಅದರ ನಡುವೆ ವ್ಯಾನು ಧೂಳೆಬ್ಬಿಸಿಕೊಂಡು ಹೋಯಿತು.

ಕತೆ ಮುಗಿಯಿತೆಂದು ಶಿಷ್ಯೆ ಏಳಹೋದಳು.

ಗುರು ಕೇಳಿದರು: "ಒಂದನ್ನೂ ಬೇಡವೆನ್ನಲಿಲ್ಲ ಎಂದೆಯಲ್ಲಮ್ಮ, ಯಾರ ಚುಕ್ಕೆಯನ್ನು ಏರಿಗೆ ಸರಿಸಿದೆ?"