ಹುಲಿಗೆವ್ವ ಹೇಳೋಕೆ ಬಂದ ಮಾತು

ಹೊದ್ಕೊಂಡ್ಯಾ? ಹಾಗಿದ್ರೆ ಕೇಳು. ಒಂದಾನೊಂದು ಕಾಲದಲ್ಲಿ, ಹೊಳೆಗೆ ಇನ್ನೂ ಸೇತುವೆ ಇಲ್ಲದಾಗ, ಹುಲಿಗೆವ್ವ ಅಂತ ಒಬ್ಬಳು ಹರಿಗೋಲು ನಡೆಸ್ತಿದ್ಳಂತೆ. ಗಂಡ ಸತ್ತ ಮೇಲೆ ತಾನೇ ಹುಟ್ಟು ಹಿಡಿದು, ಈ ದಡದವರನ್ನ ಆ ದಡಕ್ಕೆ, ಆ ದಡದವರನ್ನ ಈ ದಡಕ್ಕೆ ದಾಟಿಸಿ ದಾಟಿಸಿ ಮೂರು ಮಕ್ಕಳನ್ನ ಸಾಕಿದ್ಳಂತೆ. ದೊಡ್ಡೋನು ದ್ಯಾಮಣ್ಣ, ನಡುವಿನೋನು ಕೊಟ್ರ, ಕಿರಿಯೋಳು ನಾಗವ್ವ. ದ್ಯಾಮಣ್ಣನಿಗೆ ತಾಯಿ ಅಂದ್ರೆ ಜೀವ. ಜೊತೆಗೆ, ತಾಯಿನ ನೋಡ್ಕೊಂಡ್ರೆ ದ್ಯಾಮಣ್ಣನ ಹಾಗೆ ನೋಡ್ಕೋಬೇಕು ಅಂತ ಊರವರು ಅನ್ನೋದು ಕೇಳೋಕೂ ಅವನಿಗೆ ಬಲು ಇಷ್ಟವಂತೆ.

ಆಮೇಲೆ ಹುಲಿಗೆವ್ವನಿಗೆ ವಯಸ್ಸಾಯ್ತು. ಒಂದಿನ ಹರಿಗೋಲಿನ ಚರ್ಮಕ್ಕೆ ಎಣ್ಣೆ ಸವರ್ತಾ, ದ್ಯಾಮ, ನಾನು ಏಳೋಕಾಗದೆ ಬಿದ್ದೆ ಅಂತಿಟ್ಕೋ, ಆವಾಗ ನೀನು, ಅಂತ ಶುರು ಮಾಡಿದ್ಳಂತೆ. ಬಿಡ್ತು ಅನ್ನವ್ವ, ಅಂಥ ಕೆಟ್ಟ ಮಾತು ಯಾಕೆ, ಅಂತ ಅವನು ಎದ್ದೇ ಹೋದ್ನಂತೆ. ಆಮೇಲೆ ಪಕ್ಕದ ಮನೆ ಮುದುಕನ್ನ ಮಣ್ಣು ಮಾಡಿ ಬಂದ ದಿನ, ನನಗೆ ಹಿಂಗಾಗೋದು ಬೇಡ ಕಣಪ್ಪ ಅಂದ್ಳಂತೆ. ಹೆಂಗಾಗೋದು ಬೇಡ ಅಂತ ಅವನು ಕೇಳ್ಲೇ ಇಲ್ಲ. ಮೂರನೇ ಸಲ, ಹಬ್ಬದ ಊಟಕ್ಕೆ ನೆಂಟರೆಲ್ಲ ಕೂತಾಗ ಮತ್ತೆ ಬಾಯಿ ತೆಗೆದ್ಳು. ದ್ಯಾಮಣ್ಣ ಎಲ್ಲರ ಮುಂದೆ ಗದರಿಬಿಟ್ನಂತೆ, ನಾನು ನಿನಗೇನು ಕಮ್ಮಿ ಮಾಡಿದೀನಿ, ಜನ ಏನಂದ್ಕೋಬೇಕು, ಅಂತ. ಹುಲಿಗೆವ್ವ ಊಟದ ಎಲೆ ನೋಡ್ಕೊಂಡು, ಬಿಡ್ತು, ಅಂದ್ಳು. ಮತ್ತೆ ಆ ಮಾತು ಎತ್ತಲಿಲ್ಲ.

ಆಮೇಲೆ ಒಂದು ಬೆಳಗ್ಗೆ ಹುಟ್ಟು ಕೈಯಿಂದ ಜಾರಿ, ಹುಲಿಗೆವ್ವ ಅಲ್ಲೇ ಕುಸಿದ್ಳಂತೆ. ಬಲಗಡೆ ಕೈಕಾಲು ಬಿದ್ದೋಯ್ತು, ಮಾತು ನಿಂತೋಯ್ತು. ಮಕ್ಕಳು ಆಚೆ ದಡದ ಪೇಟೆಗೆ ಹೊತ್ತು ಒಯ್ದು ಮದ್ದು ಕೊಡೋ ಪಂಡಿತರ ಜಗಲಿ ಮೇಲೆ ಮಲಗಿಸಿದ್ರು. ಪಂಡಿತರು ಕಷಾಯ ಕೊಟ್ರು, ಅವಳು ಉಗುಳಿದ್ಳು. ಗಂಜಿ ಕೊಟ್ರು, ಹಲ್ಲು ಕಚ್ಚಿದ್ಳು. ಕೂಸುಗಳಿಗೆ ಮದ್ದು ಕುಡಿಸೋ ಒಳಲೆಯಲ್ಲಿ ಬಾಯಿಗೆ ಹುಯ್ಯೋಣ ಅಂತ ಪಂಡಿತರು ಅಂದಾಗ, ದ್ಯಾಮಣ್ಣ ತಾನೇ ಅವಳ ಆಡೋ ಎಡಗೈನ ಅಮುಕಿ ಹಿಡಿದ್ನಂತೆ. ಮದ್ದು ಅಡ್ಡ ಹೋಗಿ, ಮುದುಕಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು.

ಪಂಡಿತರು ಒಳಲೆ ಕೆಳಗಿಟ್ರು. ಹಿಂಗೆ ಹುಯ್ದು ಜೀವಾನ ಒಂದಿಷ್ಟು ದಿನ ಎಳೀಬಹುದು, ಎಬ್ಬಿಸಿ ಓಡಾಡಿಸೋಕೆ ನನ್ನ ಕೈಲಾಗಲ್ಲ, ಇಂಥ ಹೊತ್ತಿಗೆ ಏನು ಬೇಕು ಅಂತ ನಿಮ್ಮವ್ವ ಹೇಳಿದ್ಳಾ, ಅಂತ ಕೇಳಿದ್ರಂತೆ. ನನಗೆ ಹೇಳಿಲ್ಲ ಅಂದ ಕೊಟ್ರ. ಅಣ್ಣನಿಗೆ ಹೇಳ್ತೀನಿ, ಅವನು ದೊಡ್ಡೋನು, ಅಂದಿದ್ಳು ಅಂದ್ಳು ನಾಗವ್ವ. ಇಬ್ಬರೂ ಅಣ್ಣನ ಮುಖ ನೋಡಿದ್ರು.

ದ್ಯಾಮಣ್ಣನ ಕಿವಿ ಕಾದೋಯ್ತಂತೆ. ಹೆಂಗಾದ್ರೂ ಉಳಿಸ್ಕೋ ಅಂದಿದ್ಳು ಅಂತ ಒಂದು ಸುಳ್ಳು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ತಾಯಿಯ ಮಣಿಕಟ್ಟಿನ ಮೇಲೆ ತನ್ನ ಬೆರಳಿನ ಗುರುತು ಕೆಂಪಗೆ ಎದ್ದಿದ್ದು ಕಾಣಿಸ್ತು. ಮೆಲ್ಲಗೆ, ಹೇಳೋಕೆ ಬಂದಿದ್ಳು, ನಾನೇ ಬಾಯಿ ಮುಚ್ಚಿಸಿದೆ, ಅಂದ. ಯಾರೂ ಬೈಯಲಿಲ್ಲ. ಬೈದಿದ್ರೆ ಹಗುರಾಗ್ತಿತ್ತೇನೋ.

ಈಗಲಾದ್ರೂ ಅವಳನ್ನೇ ಕೇಳು, ಅವಳಿಗೆ ಕಿವಿ ಕೇಳಿಸುತ್ತೆ, ಅಂದ್ರಂತೆ ಪಂಡಿತರು. ದ್ಯಾಮಣ್ಣ ಅವಳ ಎಡಗೈ ತನ್ನ ಅಂಗೈ ಮೇಲೆ ಇಟ್ಕೊಂಡ, ಈ ಸಲ ಅಮುಕಲಿಲ್ಲ. ಮದ್ದು ಬೇಕೇನವ್ವ? ಕೈ ಅಲ್ಲಾಡಲಿಲ್ಲ. ಇಲ್ಲೇ ಇರ್ತೀಯಾ? ಕೈ ಹಿಂದಕ್ಕೆ ಎಳ್ಕೊಂಡ್ಳು. ಮನೆಗೆ ಹೋಗೋಣ್ವಾ ಅಂದಾಗ ಅವನ ಕೈನ ಗಟ್ಟಿಯಾಗಿ ಹಿಡಿದ್ಳಂತೆ, ಹುಟ್ಟು ಹಿಡಿದ ಹಾಗೆ.

ಆಮೇಲೆ ಅವಳನ್ನ ಮನೆಗೆ ತಂದ್ರು. ನೋವಿಗೆ ಪಂಡಿತರು ಕೊಟ್ಟ ಎಣ್ಣೆ ತಿಕ್ಕಿದ್ರು. ಬಾಯಿ ತೆಗೆದಾಗ ಗಂಜಿ ಕುಡಿಸಿದ್ರು, ತೆಗೀದಿದ್ರೆ ಸುಮ್ಮನಾದ್ರು. ಮದ್ದು ಬಿಡಿಸಿ ತಾಯಿನ ವಾಪಸ್ ಹೊತ್ತು ತಂದ್ಬಿಟ್ಟ ಅಂತ ಊರು ಆಡ್ಕೊಳ್ತು. ಅದು ದ್ಯಾಮಣ್ಣನಿಗೆ ನಾಟಲೇ ಇಲ್ಲ. ನಾಟಿದ್ದೇ ಬೇರೆ. ಇನ್ನೇನಾದ್ರೂ ಹೇಳೋದಿತ್ತಾ ಅಂತ ಕೇಳಿದ್ರೆ ಅವಳು ಕೈ ಒತ್ತುತ್ತಿದ್ಳು. ಏನು ಅಂತ ಎಷ್ಟು ಊಹಿಸಿ ಕೇಳಿದ್ರೂ ಕೈ ಸುಮ್ಮನಿರ್ತಿತ್ತು. ಅದೊಂದು ಅವನಿಗೆ ಕೊನೆವರೆಗೂ ಗೊತ್ತಾಗಲಿಲ್ಲವಂತೆ. ನಾಚಿಕೆಗೆ ತಲೆ ಬಗ್ಗಿಸ್ಕೊಂಡೇ ಗಂಜಿ ಕುಡಿಸ್ತಿದ್ದ.

ಅವರೆಕಾಯಿ ಬರೋ ಕಾಲಕ್ಕೆ ಒಂದು ಮಧ್ಯಾಹ್ನ ಮೂವರೂ ಸುತ್ತ ಕೂತಿದ್ದಾಗ, ಹುಲಿಗೆವ್ವ ಎಡಗೈ ಚಾಚಿ ದ್ಯಾಮಣ್ಣನ ಗದ್ದ ಹಿಡಿದು ಮೇಲಕ್ಕೆತ್ತಿದ್ಳಂತೆ. ಅವನ ಮುಖ ತುಂಬ ಹೊತ್ತು ನೋಡಿ, ಹಂಗೇ ನೆಮ್ಮದಿಯಾಗಿ ಕಣ್ಣು ಮುಚ್ಚಿದ್ಳಂತೆ.

ಕತೆ ಇಷ್ಟೇ ಕಣೋ ಮಗಾ. ಇನ್ನು ಮಲ್ಕೋ.