ಎರಡು ಬಾಯಿಯ ಬಿಲ

ಬೀಗ ಗಟ್ಟಿ, ಬಾಗಿಲು ಗಟ್ಟಿ, ಮನೆ ಮಾತ್ರ ಖಾಲಿ. ಏನದು ಹೇಳಿ? ಆಗಲ್ಲ ಬಿಡಿ, ಸುಂಡಿಲಿಗೂ ಆಗಲಿಲ್ಲ.

ಯಾರ ಬಿಲ ಭದ್ರ ಎಂದು ಇಲಿಗಳ ವಾಟ್ಸಾಪ್ ಗುಂಪಿನಲ್ಲಿ ಮೂರು ದಿನದಿಂದ ಜಗಳ ನಡೆದಿತ್ತು. "ನನ್ನದೇ," ಎಂದಿತು ಸುಂಡಿಲಿ.

"ಬುರುಡೆ ಬಿಡ್ಬೇಡ ತಮ್ಮಾ, ನೀನು ಯಾವ ಪಕ್ಷ ಅಂತ ಗೊತ್ತು," ಎಂದಿತು ಹೆಗ್ಗಣ.

'ಸತ್ಯಪ್ರಿಯ' ಎಂಬ ಹೊಸ ಸದಸ್ಯ ಕೇಳಿದ: "ಸ್ವಾಮಿ, ಸಾಕ್ಷಿ ಇದೆಯೇ?"

ಮಾನದ ಪ್ರಶ್ನೆ. ಸುಂಡಿಲಿ ಬರೆಯಿತು: "ಬಿಲಕ್ಕೆ ಎರಡು ಬಾಯಿ. ಒಂದಕ್ಕೆ ಕಲ್ಲು ಜಡಿದಿದ್ದೇನೆ. ಇನ್ನೊಂದು ಅಕ್ಕಿ ಡಬ್ಬದ ಹಿಂದಿದೆ, ಯಾರಿಗೂ ಗೊತ್ತಿಲ್ಲ."

ಉತ್ತರ ಫೋನಿನಲ್ಲಿ ಬರಲಿಲ್ಲ, ಡಬ್ಬದ ಹಿಂದಿನಿಂದ ಬಂತು: "ಒಪ್ಪಿದೆ ಸ್ವಾಮಿ, ನೀವೇ ಗೆದ್ದಿರಿ." ಸತ್ಯಪ್ರಿಯ ಅಸಲಿಗೆ ಬೆಕ್ಕು.

ಸುಂಡಿಲಿ ಮೂರನೇ ಬಾಯಿಂದ ಪಾರಾಯಿತು.

ಈ ಕೊನೆ ಮಾತ್ರ ನಾನು ಕಟ್ಟಿದ್ದು. ಬಿಲಕ್ಕಿದ್ದದ್ದು ಎರಡೇ ಬಾಯಿ. ಮೂರನೆಯದು ಬೆಕ್ಕಿನದು.