ಬೋರಯ್ಯನ ಕಲ್ಲಿಗೆ ಕಳ್ಳನ ಹೆಸರು ಬಂದದ್ದು

ದೊಡ್ಡೇರಿಹಟ್ಟಿಯ ಕೆರೆ ಏರಿಯ ಮೇಲೆ ಬಸ್ಸು ನಿಂತಾಗ ಕಂಡಕ್ಟರು "ಕಳ್ಳನ ಕಲ್ಲು, ಇಳೀರಿ" ಎಂದು ಕೂಗುತ್ತಾನೆ. ಏರಿ ಎಂದರೆ ಕೆರೆಯ ನೀರನ್ನು ತಡೆದು ನಿಲ್ಲಿಸಿರುವ ಮಣ್ಣಿನ ಒಡ್ಡು. ಬಲ್ಲವರಿಗೂ ಹೇಳಿಬಿಡುವುದು ಒಳ್ಳೆಯದು. ಏರಿಯ ಕೆಳಗೆ, ತೂಬಿನ ನೀರು ಕಾಲುವೆಗೆ ಬೀಳುವ ಕಡೆ, ಆಳೆತ್ತರದ ಒಂದು ಕಲ್ಲುಗುಪ್ಪೆ ಇದೆ. ಅದರ ಪಕ್ಕದ ಫಲಕದಲ್ಲಿ 'ಧಾರಾವಾಹಿಯ ಮಲ್ಲಿಗೆಪುರ ಇದೇ ಊರು' ಎಂದು ಬರೆದಿದೆ. ಬಂದವರು ಕೈಗೆ ಸಿಕ್ಕ ಕಲ್ಲೊಂದನ್ನು ಗುಪ್ಪೆಗೆ ಎಸೆಯುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಮಲ್ಲಿಗೆಪುರ ಎಂಬ ಊರು ಎಲ್ಲಿಯೂ ಇಲ್ಲ. ಟಿವಿ ಧಾರಾವಾಹಿಯ ಒಂದು ದೃಶ್ಯವನ್ನೂ ಇಲ್ಲಿ ಚಿತ್ರೀಕರಿಸಲಿಲ್ಲ. ನಮ್ಮ ಏರಿ, ತೂಬು, ಹುಣಸೆಮರಗಳನ್ನು ನೋಡಿಕೊಂಡು ಹೋಗಿ ಬೇರೆಲ್ಲೋ ಹಲಗೆ, ಬಣ್ಣಗಳಲ್ಲಿ ಕಟ್ಟಿಸಿದರು ಎನ್ನುತ್ತಾರೆ. ಆದರೆ ಗುಪ್ಪೆಯ ಅಡಿಯಲ್ಲಿ ಮುಚ್ಚಿಹೋಗಿರುವ ಚಪ್ಪಟೆ ಕಲ್ಲು ಮಾತ್ರ ನಿಜವಾದದ್ದು. ಅದರ ಹೆಸರು ಬೋರಯ್ಯನ ಕಲ್ಲು.

ಹಿಂದೆ ಒಮ್ಮೆ, ಎಷ್ಟು ತಲೆಮಾರಿನ ಹಿಂದೆ ಎಂದು ನನಗೆ ಖಚಿತವಿಲ್ಲ, ಬೋರಯ್ಯ ಎಂಬವನು ಈ ಕೆರೆಯ ನೀರಗಂಟಿಯಾಗಿದ್ದ. ನೀರಗಂಟಿ ಎಂದರೆ ತೂಬು ತೆಗೆದು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವವನು. ಅವನಿಗೆ ಕೆರೆಯ ಕೆಳಗೆ ಅಂಗೈಯಗಲ ಗದ್ದೆಯೂ ಇರಕೂಡದು. ಇದ್ದರೆ ಕೈ ವಾಲುತ್ತದೆ. ಹೊತ್ತನ್ನು ಅಳೆಯುತ್ತಿದ್ದದ್ದು ತಾಮ್ರದ ಬಟ್ಟಲಿನಲ್ಲಿ. ಬಟ್ಟಲಿನ ತಳಕ್ಕೆ ಸಣ್ಣದೊಂದು ತೂತು. ಚಪ್ಪಟೆ ಕಲ್ಲಿನ ನಡುವೆ ಕಡೆದ ಕುಳಿಯಲ್ಲಿ ನೀರು ತುಂಬಿ ಬಟ್ಟಲನ್ನು ತೇಲಿಬಿಟ್ಟರೆ ತೂತಿನಿಂದ ನೀರು ಏರಿ, ಕೊನೆಗೆ ಅದು ಮುಳುಗುತ್ತದೆ. ಒಂದು ಮುಳುಗಿಗೆ ಒಬ್ಬರ ಸರದಿ ಮುಗಿಯಿತು. ನೀರು ಕಡಿಮೆಯಿದ್ದ ಒಂದು ವರ್ಷ ಊರಗೌಡನ ಗದ್ದೆ ಅರ್ಧಕ್ಕೇ ಒಣಗಿತು, ಕಾಲುವೆಯ ಕೊನೆಯ ಬಡವರ ಗದ್ದೆಗಳು ಹಸಿರಾಗಿ ನಿಂತವು. ಹಿಂದೆ ಎಂದೂ ಹಾಗಾಗಿರಲಿಲ್ಲ. ಗೌಡ ಪಂಚಾಯ್ತಿ ಕೂಡಿಸಿ, ಬೋರಯ್ಯ ತನ್ನ ನೀರು ಕದ್ದ ಎಂದ. ಬೋರಯ್ಯ "ನೀರು ಹೇಳುತ್ತೆ" ಎಂದಷ್ಟೇ ಹೇಳಿದ. ಅವನನ್ನು ಊರು ಬಿಡಿಸಿದರು. ಕಳ್ಳ ಎಂದು ಕರೆದರು.

ಕಥೆಯ ಮೊದಲನೆಯ ಭಾಗ ಇಲ್ಲಿಗೆ ನಿಲ್ಲುತ್ತದೆ, ಮತ್ತು ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಊರಿನ ಕಟ್ಟುಪಾಡಿನಂತೆ ಈ ಭಾಗವನ್ನು ಎಲ್ಲಿ ಕುಳಿತು ಬೇಕಾದರೂ ಹೇಳಬಹುದು. ಎರಡನೆಯ ಭಾಗವನ್ನು ಮಾತ್ರ ತೂಬು ತೆಗೆದ ದಿನ, ಆ ಕಲ್ಲಿನ ಪಕ್ಕದಲ್ಲಿ, ಹರಿಯುವ ನೀರಿನಲ್ಲಿ ಕಾಲಿಟ್ಟುಕೊಂಡೇ ಹೇಳಬೇಕು. 'ನೀರು ಹೇಳುತ್ತೆ' ಎಂದು ಬೋರಯ್ಯ ಅಂದದ್ದರಿಂದ ಹಾಗೆ ನಡೆದುಬಂದಿದೆ. ಹೇಳುವ ಹಕ್ಕು ಊರಿನಲ್ಲೇ ಉಳಿದ ಅವನ ಮಕ್ಕಳ ವಂಶದವರದು. ಈಗ ಉಳಿದಿರುವವರು ಓಬಜ್ಜ ಒಬ್ಬರೇ.

ಧಾರಾವಾಹಿ ಬರೆಯುವವರೊಬ್ಬರು ಒಂದು ಬೇಸಿಗೆಯಲ್ಲಿ ಊರುಗಳನ್ನು ನೋಡುತ್ತಾ ಬಂದರು. ಆಗ ನಾನು ಇಲ್ಲಿನ ಅಂಚೆ ಕಚೇರಿಯಲ್ಲಿದ್ದೆ. ಅವರನ್ನು ಓಬಜ್ಜನ ಮನೆಗೆ ಕರೆದುಕೊಂಡು ಹೋದವನು ನಾನೇ. ಅಜ್ಜ ಮೊದಲನೆಯ ಭಾಗವನ್ನು ಚೆನ್ನಾಗಿ ಹೇಳಿದರು. ಬಂದವರು ಬರೆದುಕೊಂಡು, ಮುಂದೇನಾಯ್ತು ಎಂದು ಕೇಳಿದರು.

"ಮಿಕ್ಕಿದ್ದು ನೀರಾಗೆ ನಿಂತು ಹೇಳಾದು ಸ್ವಾಮಿ. ಕೆರೆ ತುಂಬ್ಲಿ, ಬನ್ನಿ."

"ಯಾವಾಗ ತುಂಬುತ್ತಜ್ಜಾ?"

"ಅದನ್ನ ಮೋಡನ ಕೇಳ್ಬೇಕು."

ಅವರು ನಕ್ಕು ಎದ್ದರು. ಬಸ್ಸು ಬರುವವರೆಗೆ ನಾನು ಅವರ ಜೊತೆಯಲ್ಲೇ ಇದ್ದೆ. ಎರಡನೆಯ ಭಾಗ ನನಗೂ ಗೊತ್ತಿತ್ತು. ಹೇಳುವ ಹಕ್ಕು ನನ್ನದಲ್ಲ ಎಂದುಕೊಂಡು ಮಳೆಯ ಮಾತು, ಬಸ್ಸಿನ ಮಾತು ಆಡಿದೆ. ಮುಂದಿನ ವರ್ಷ ಮಲ್ಲಿಗೆಪುರದ ಕಥೆ ಮನೆಮನೆಗೆ ಬಂತು. ಅದರಲ್ಲಿ ಬೋರಯ್ಯ ಬಡವರ ಪೈರು ಒಣಗಿಸಿದ ನೀರುಗಳ್ಳನಾಗಿದ್ದ. ಕೊನೆಯ ಕಂತಿನಲ್ಲಿ ಊರವರೆಲ್ಲ ಒಂದೊಂದು ಕಲ್ಲು ಎಸೆದು ಅವನನ್ನು ಓಡಿಸಿದರು. ನಾಲ್ಕು ವರ್ಷ ಅದು ನಡೆಯಿತು, ನಾಲ್ಕು ವರ್ಷವೂ ಕೆರೆ ತುಂಬಲಿಲ್ಲ. ಮಲ್ಲಿಗೆಪುರ ನಮ್ಮೂರೇ ಎಂದು ಯಾರೋ ಪತ್ತೆ ಮಾಡಿದ ಮೇಲೆ ಜನ ಬಂದು ಬೋರಯ್ಯನ ಕಲ್ಲಿಗೂ ಹಾಗೆಯೇ ಎಸೆಯತೊಡಗಿದರು. ಏರಿಯ ಮೇಲೆ ಎರಡು ಹೋಟೆಲು ಆದವು. ಹೋಟೆಲು ಇಟ್ಟವರು ನಮ್ಮೂರಿನವರೇ. ಫಲಕ ಹಾಕಿಸಿದವರೂ ನಾವೇ.

ಐದನೆಯ ವರ್ಷ ಕೆರೆ ತುಂಬಿತು. ತೂಬು ತೆಗೆದ ಬೆಳಿಗ್ಗೆ ಓಬಜ್ಜ ಪಂಚೆ ಎತ್ತಿ ಕಟ್ಟಿ ನೀರಿಗಿಳಿದು, ಅಲ್ಲಿದ್ದ ಪ್ರವಾಸಿಗಳನ್ನು ಕರೆದು ಎರಡನೆಯ ಭಾಗ ಹೇಳಿದರು. ಅದನ್ನು ಇಲ್ಲಿ ಒಣನೆಲದ ಮೇಲೆ ಕುಳಿತು ಬರೆಯುತ್ತಿದ್ದೇನೆ; ಕಟ್ಟುಪಾಡು ಮುರಿದ ತಪ್ಪು ನನ್ನದು. ಬೋರಯ್ಯ ಹೋದ ಮೇಲೆ ಕೆರೆ ಪೂರ್ತಿ ಬತ್ತಿತು. ತೂಬಿನ ಮುಂದಿನ ಕೆಸರಿನಲ್ಲಿ ಕಾಲುವೆ ಕೊನೆಯ ಹೆಂಗಸೊಬ್ಬಳಿಗೆ ಇನ್ನೊಂದು ಬಟ್ಟಲು ಸಿಕ್ಕಿತು. ಅವಳು ಕಲ್ಲಿನ ಕುಳಿಗೆ ಕೊಡದ ನೀರು ತುಂಬಿ ಎರಡು ಬಟ್ಟಲನ್ನೂ ಒಟ್ಟಿಗೆ ತೇಲಿಬಿಟ್ಟಳು. ಬೋರಯ್ಯ ಅಳೆಯುತ್ತಿದ್ದ ಬಟ್ಟಲು ಮುಳುಗಿತು, ಕೆಸರಿನ ಬಟ್ಟಲು ತೇಲುತ್ತಲೇ ಇತ್ತು. ಅದರ ತೂತು ಸಣ್ಣದು, ಮುಳುಗಲು ಎರಡರಷ್ಟು ಹೊತ್ತು. ಗೌಡನ ಮನೆಯವರು ತಮ್ಮ ಸರದಿಗೆಂದೇ ಕೊಟ್ಟಿದ್ದ ಬಟ್ಟಲು ಅದು. ಬೋರಯ್ಯ ಅದನ್ನು ಕೆರೆಗೆಸೆದು ಎಲ್ಲರಿಗೂ ಒಂದೇ ಬಟ್ಟಲಿನಲ್ಲಿ ಅಳೆದಿದ್ದ. ಊರವರು ಹುಡುಕಿಕೊಂಡು ಹೋದರು. ಅವನು ಸಿಗಲಿಲ್ಲ. ಕಲ್ಲಿಗೆ ಅವನ ಹೆಸರಿಟ್ಟರು.

ಕೇಳುತ್ತಿದ್ದವರಲ್ಲಿ ಒಬ್ಬ ಹೆಂಗಸು, ಒಳ್ಳೆಯವಳೇ, "ಸೀರಿಯಲ್ಲಲ್ಲಿ ಹಂಗಿಲ್ವಲ್ಲ ಅಜ್ಜಾ" ಎಂದಳು.

"ಅವ್ರು ನೀರಿಲ್ದಾಗ ಬಂದಿದ್ರು ಕಣಮ್ಮ."

ಅವಳಿಗೆ ಪಾಪ ಅನ್ನಿಸಿರಬೇಕು. "ಬೇಜಾರು ಮಾಡ್ಕೋಬೇಡಿ. ನಾವು ಮೆಲ್ಲಗೆ ಎಸೀತೀವಿ" ಎಂದಳು. ಹಾಗೆಯೇ ಮೆಲ್ಲಗೆ ಎಸೆದಳು.

ಅಂದಿನಿಂದ ಓಬಜ್ಜ ಯಾರಿಗೂ ಕಥೆ ಹೇಳಿಲ್ಲ. ಕುಳಿ ಕಂಡರೆ ಸಾಕು, ಮಿಕ್ಕಿದ್ದು ಅದೇ ಹೇಳುತ್ತದೆ ಎನ್ನುತ್ತಾರೆ. ದಿನವೂ ಬೆಳಿಗ್ಗೆ ಮಂಕರಿ ತೆಗೆದುಕೊಂಡು ಬಂದು ಗುಪ್ಪೆಯ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಹತ್ತು ಹೆಜ್ಜೆ ಆಚೆ ಸುರಿಯುತ್ತಾರೆ. ಎಂಬತ್ತು ದಾಟಿದೆ, ಹೆಚ್ಚು ದೂರ ಹೊರಲಾರರು. ನೀವು ಬಂದರೆ ಇದನ್ನೇ ನೋಡುತ್ತೀರಿ: ಒಂದು ಗುಪ್ಪೆ, ಹತ್ತು ಹೆಜ್ಜೆ ಆಚೆ ಇನ್ನೊಂದು ಸಣ್ಣ ಗುಪ್ಪೆ, ನಡುವೆ ಮಂಕರಿ ಹೊತ್ತ ಮುದುಕ. ಎಸೆಯುವವರಿಗೆ ಕಲ್ಲು ಒದಗಿಸಲು ಪಂಚಾಯ್ತಿಯವರು ಇಟ್ಟಿರುವ ಆಳು ಅವರು ಎಂದು ಬಂದವರು ತಿಳಿಯುತ್ತಾರೆ. ಸಣ್ಣ ಗುಪ್ಪೆಯಿಂದ ತಮಗೊಂದು ಆರಿಸಿಕೊಳ್ಳುತ್ತಾರೆ.